ಮಾರ್ಮನ್ ಬಳಕೆಯ ‘ಸೀಲಿಂಗ್’, ‘ಬ್ಲೆಸಿಂಗ್’, ‘ಸಸ್ಟೈನ್’: ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ (ಜೋಸೆಫ್ ಸ್ಮಿತ್ ಸ್ಥಾಪಿಸಿದ ಕ್ರೈಸ್ತ ಪಂಥ) ಕುಟುಂಬಗಳ ಕುರಿತ ಲೇಖನವೊಂದು ಅನುವಾದಕ್ಕೆ ಬಂದಿದೆ. ‘ಸೀಲಿಂಗ್’ಗೆ ‘ಮುದ್ರೆ’ ಸಾಕೇ? ಮಗುವಿನ ‘ಬ್ಲೆಸಿಂಗ್’ ಅಂದರೆ ಜ್ಞಾನಸ್ನಾನವೇ? ಅವರ ಹನ್ನೆರಡನೆಯ ವಿಶ್ವಾಸಸೂತ್ರದಲ್ಲಿ ಕಾನೂನನ್ನು ‘ಸಸ್ಟೈನ್’ ಮಾಡುವ ಮಾತಿದೆ, ‘ರಾಜನಿಷ್ಠೆ’ ಎನ್ನಬಹುದೇ? ಬಲ್ಲವರು ತಿಳಿಸಿ.

ಉತ್ತರ: ‘ಮುದ್ರೆ’ ಬೇಡ. ‘ದಂಪತಿಗೆ ಮುದ್ರೆ ಹಾಕಿದರು’ ಎಂದರೆ ಪಾಲಿಕೆಯವರು ಅಂಗಡಿಗೆ ಬೀಗಮುದ್ರೆ ಜಡಿದಂತೆ ಕೇಳುತ್ತದೆ. ಇದು ಗಂಡಹೆಂಡಿರನ್ನು ಸಾವಿನಾಚೆಗೂ ಕೂಡಿಸುವ ವಿಧಿ. ನಡೆಯುವುದು ಭಾನುವಾರ ಸೇರುವ ಸಭಾಮಂದಿರದಲ್ಲಲ್ಲ, ದೇವಾಲಯದಲ್ಲಿ. ಬೆಂಗಳೂರಿಗೆ 2018ರಲ್ಲಿ ಘೋಷಿಸಿದ್ದು ಇಂಥದ್ದನ್ನೇ. ‘ಮದುವೆ’ ಎಂದು ಬರೆದರೆ ಮಕ್ಕಳ ವಿಷಯ ಬಂದ ಕೂಡಲೇ ವಾಕ್ಯ ಕೆಡುತ್ತದೆ. ಹೀಗೆ ಕೂಡಿದವರಿಗೆ ಆಮೇಲೆ ಹುಟ್ಟಿದ ಮಕ್ಕಳು ‘ಒಡಂಬಡಿಕೆಯಲ್ಲಿ ಹುಟ್ಟಿದವರು’, ಅವರಿಗೆ ಬೇರೆ ವಿಧಿ ಬೇಕಿಲ್ಲ. ತಂದೆತಾಯಿ ತಡವಾಗಿ ಸಭೆಗೆ, ಅಂದರೆ ಅವರ ಚರ್ಚಿಗೆ, ಸೇರಿದ್ದರೆ, ಮೊದಲೇ ಹುಟ್ಟಿದ ಮಕ್ಕಳನ್ನೂ ಕರೆದೊಯ್ದು ಅವರೊಂದಿಗೆ ‘ಸೀಲ್’ ಮಾಡಿಸುತ್ತಾರೆ. ‘ಶಾಶ್ವತ ಬೆಸುಗೆ’ ಎಂದರೆ ಎರಡಕ್ಕೂ ಹೊಂದುತ್ತದೆ.

‘ಬ್ಲೆಸಿಂಗ್’ ಜ್ಞಾನಸ್ನಾನವಲ್ಲ. ಕೂಸಿಗೆ ಹೆಸರಿಟ್ಟು ಹರಸುವುದಷ್ಟೇ, ನೀರಿನ ಮಾತೇ ಇಲ್ಲ. ‘ನಾಮಕರಣ–ಆಶೀರ್ವಾದ’ ಸಾಕು. ಬ್ಯಾಪ್ಟಿಸಂ ಆಗುವುದು ಎಂಟು ತುಂಬಿದ ಮೇಲೆ. ಜ್ಞಾನಸ್ನಾನ ಎಂದೊಡನೆ ಮಂಗಳೂರು ಕಡೆಯ ಓದುಗರಿಗೆ ಕ್ಯಾಥೊಲಿಕರ ಕೈಗೂಸು ನೆನಪಾಗುತ್ತದೆ. ಪ್ರೊಟೆಸ್ಟೆಂಟರ ‘ದೀಕ್ಷಾಸ್ನಾನ’ ವಾಸಿ. ‘ನೀರು ಚಿಮುಕಿಸಿದರು’ ಎಂದು ಮಾತ್ರ ಬರೆಯಬೇಡಿ. ಪೂರ್ತಿ ಮುಳುಗಬೇಕು, ಇಬ್ಬರು ಸಾಕ್ಷಿಗಳು ನೋಡುತ್ತಿರುತ್ತಾರೆ, ಜಡೆಯ ತುದಿಯೋ ಬಟ್ಟೆಯ ಅಂಚೋ ಮೇಲುಳಿದರೂ ಮತ್ತೆ ಮುಳುಗಿಸುತ್ತಾರೆ.

ನೀವು ಕೇಳದಿದ್ದರೂ ಒಂದು ಮಾತು: ಅವರ ‘ಬಿಷಪ್’ ಧರ್ಮಪ್ರಾಂತ್ಯದ ಒಡೆಯನಲ್ಲ. ಒಂದು ವಾರ್ಡಿನ, ಅಂದರೆ ಒಂದು ಸ್ಥಳೀಯ ಸಭೆಯ, ಸಂಬಳವಿಲ್ಲದ ಮುಖ್ಯಸ್ಥ. ಹೊಟ್ಟೆಪಾಡಿಗೆ ಬೇರೆ ಕೆಲಸವಿರುತ್ತದೆ.

ಇನ್ನು ಸೂತ್ರ. ಇದು ಜೋಸೆಫ್ ಸ್ಮಿತ್ 1842ರಲ್ಲಿ ಷಿಕಾಗೋದ ಪತ್ರಿಕಾ ಸಂಪಾದಕ ಜಾನ್ ವೆಂಟ್‌ವರ್ತ್‌ಗೆ ಬರೆದ ಪತ್ರದ್ದು. ಮೊದಲರ್ಧ ಆಳುವವರ ಬಗ್ಗೆ, ಎರಡನೆಯದು ಕಾನೂನಿನ ಬಗ್ಗೆ. ‘ರಾಜನಿಷ್ಠೆ’ ಎಂದರೆ ಎರಡನೆಯ ಅರ್ಧವೇ ಬಿದ್ದುಹೋಗುತ್ತದೆ. ಅಲ್ಲಿರುವ ಮೂರು ಕ್ರಿಯಾಪದಗಳನ್ನೂ ಬಿಡಿಬಿಡಿಯಾಗಿಯೇ ಇಡಿ: ಪಾಲಿಸು, ಗೌರವಿಸು, ಎತ್ತಿಹಿಡಿ. ‘ಪಾಲಿಸು’ ಎಂಬುದನ್ನು ತೆಳುಮಾಡಬಾರದು, ಅದರ ಹಿಂದೆ ದೊಡ್ಡ ಜಗಳವೇ ಇದೆ. ಬಹುಪತ್ನಿತ್ವ ನಿಷೇಧ ಸಿಂಧುವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1879ರಲ್ಲಿ ತೀರ್ಪಿತ್ತರೂ ಸಭೆ ಆ ಪದ್ಧತಿಯನ್ನು ಕೈಬಿಡುವ ಪ್ರಕಟಣೆ ಹೊರಡಿಸಿದ್ದು 1890ರಲ್ಲಿ. ಯೂಟಾ ರಾಜ್ಯವಾದದ್ದು ಅದಾದ ಮೇಲೆ, 1896ರಲ್ಲಿ.

‘ಸಸ್ಟೈನ್’ಗೆ ಇನ್ನೊಂದು ಬಳಕೆಯೂ ಇದೆ. ಸಭೆಯಲ್ಲಿ ಯಾರಿಗಾದರೂ ಹೊಸ ಹೊಣೆ ಒಪ್ಪಿಸಿದಾಗ ಉಳಿದವರು ಬಲಗೈ ಎತ್ತುತ್ತಾರೆ. ಅದಕ್ಕೆ ‘ಬೆಂಬಲ ಸೂಚಿಸು’ ಎನ್ನಿ. ‘ಮತ ಹಾಕು’ ತಪ್ಪು, ಅಲ್ಲಿ ಚುನಾವಣೆಯೂ ಇಲ್ಲ, ಎದುರಾಳಿಯೂ ಇಲ್ಲ.

ಈ ಸೂತ್ರಗಳನ್ನು ‘ಪ್ರೈಮರಿ’ಯ, ಅಂದರೆ ಸಭೆಯ ಮಕ್ಕಳ ವಿಭಾಗದ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಹಾಗಾಗಿ ಉಸಿರು ಕಟ್ಟುವ ವಾಕ್ಯ ಬೇಡ. ನನ್ನ ಸಲಹೆ: ‘ರಾಜರಿಗೆ, ಅಧ್ಯಕ್ಷರಿಗೆ, ಆಳುವವರಿಗೆ, ನ್ಯಾಯಾಧಿಕಾರಿಗಳಿಗೆ ಅಧೀನರಾಗಿರಬೇಕೆಂದೂ ಕಾನೂನನ್ನು ಪಾಲಿಸಿ, ಗೌರವಿಸಿ, ಎತ್ತಿಹಿಡಿಯಬೇಕೆಂದೂ ನಾವು ನಂಬುತ್ತೇವೆ.’