ಎಸಿ ಬಿಸಿಯಲ್ಲಿ ಸ್ನಾನದ ನೀರು ಕಾಯಿಸುವ ಕಾಯಿಲ್ ಹಾಕಿಸಿದೆ, ನೀರು ಉಗುರುಬೆಚ್ಚಗೂ ಆಗುತ್ತಿಲ್ಲ

ರಾಯಚೂರು_ಬಿಸಿಲು
ತಲೆ ಕೆಟ್ಟು ಹೋಗಿದೆ. ಔಟ್‌ಡೋರ್ ಯೂನಿಟ್ ಸುಮ್ನೆ ಬಿಸಿ ಗಾಳಿ ಊದುತ್ತದೆ, ಆ ಬಿಸಿಯಲ್ಲೇ ನೀರು ಕಾಯಿಸಬಹುದು ಅಂತ ವಿಡಿಯೋ ನೋಡಿ ಕಾಯಿಲ್ (ಎಸಿ ಗ್ಯಾಸಿನ ಬಿಸಿಯನ್ನು ನೀರಿಗೆ ದಾಟಿಸುವ ಸುರುಳಿ ಕೊಳವೆ) ಹಾಕಿಸಿದೆ. ನೂರು ಲೀಟರ್ ಟ್ಯಾಂಕ್, ಒಂದೂವರೆ ಟನ್ ಎಸಿ, ರಾತ್ರಿಯಿಡೀ ಓಡುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ತಣ್ಣೀರು! ಈಗಲೂ ಗೀಸರ್ ಹಾಕಿಕೊಂಡೇ ಸ್ನಾನ. ಮನೆಯಲ್ಲಿ ದಿನಾ ಮಾತು ಕೇಳುವುದಾಗಿದೆ. ಎಲ್ಲ ಸರಿಯಾಗಿಯೇ ಜೋಡಿಸಿದ್ದಾರೆ, ಲೀಕ್ ಇಲ್ಲ. ಯಾರಾದರೂ ದಾರಿ ಹೇಳಿ.

ತಾಮ್ರದ_ಕೊಳವೆ
ಸರ್, ಕಾಯಿಲ್ ಯಾವ ಪೈಪಿಗೆ ಹಾಕಿದ್ದಾರೆ? ಗೋಡೆಯಿಂದ ಬರುವ ದಪ್ಪ ಪೈಪಿಗಾ? ಹಾಗಿದ್ದರೆ ಮುಗಿಯಿತು, ಅದು ತಣ್ಣಗಿರುವ ಪೈಪು. ಕಂಪ್ರೆಸರ್‌ನಿಂದ ಹೊರಟು ಕಂಡೆನ್ಸರ್‌ಗೆ (ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಜಾಲರಿಗೆ) ಹೋಗುತ್ತದಲ್ಲ, ಆ ಬಿಸಿ ಗ್ಯಾಸಿನ ಡಿಸ್ಚಾರ್ಜ್ ಪೈಪಿನ ಮಧ್ಯೆ ಬರಬೇಕು. ಅದು ಔಟ್‌ಡೋರ್ ಡಬ್ಬದ ಒಳಗೇ ಇರುತ್ತದೆ. ಯಾವ ಗ್ಯಾಸ್? ಕಂಪ್ರೆಸರ್ ವೇಗ ತಾನೇ ಬದಲಿಸಿಕೊಳ್ಳುವ ಇನ್ವರ್ಟರಾ, ಮಾಮೂಲಿನಾ? ಬ್ರೇಜಿಂಗ್ (ಪೈಪ್ ಬೆಸುಗೆ) ಆದಮೇಲೆ ಒಳಗಿನ ಗಾಳಿ, ತೇವ ತೆಗೆಯಲು ವ್ಯಾಕ್ಯೂಮ್ ಎಳೆದರಾ?

ಗಡಸು_ನೀರು
ಇದು ಪಕ್ಕಾ ಸುಣ್ಣ ಕಟ್ಟಿರುವುದು. ರಾಯಚೂರು ಬೋರ್ ನೀರು ಅಂದರೆ ಕೇಳಬೇಕಾ? ಗೀಸರ್ ಎಲಿಮೆಂಟ್ ಬಿಚ್ಚಿದರೆ ಬಿಳಿ ಹಕ್ಕಳೆ ಉದುರುತ್ತದೆ. ಕಾಯಿಲ್ ಒಳಗೂ ಅದೇ. ಸಿಟ್ರಿಕ್ ಆಸಿಡ್ ಕರಗಿಸಿ ತಿರುಗಿಸಿ.

ರಾಯಚೂರು_ಬಿಸಿಲು
ಬೋರ್ ಅಲ್ಲ ಸರ್, ನಲ್ಲಿ ನೀರು. ಕಾಯಿಲ್ ಹೊಸದು. ಡಬ್ಬದ ಒಳಗೇ ಜೋಡಿಸಿದ್ದಾರೆ, ನಾನು ನಿಂತು ನೋಡಿದ್ದೇನೆ.

ಗಡಸು_ನೀರು
ಹೊಸದಾದರೇನು? ನೀರು 60 ಡಿಗ್ರಿ ದಾಟಿದರೆ ಸುಣ್ಣ ಬೇಗ ಕೂರುತ್ತದೆ. ಡಿಸ್ಚಾರ್ಜ್ ಪೈಪ್ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಕಾಯಿಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಕರಾವಳಿ_ಕೂಲ್
ಈ ರಗಳೆಯೇ ಬೇಡ ಮಾರಾಯ್ರೇ. ಮಂಗಳೂರಲ್ಲಿ ನಮ್ಮ ಇಂಡೋರ್ ಯೂನಿಟ್‌ನಿಂದ ರಾತ್ರಿಗೆ ಬಕೆಟ್ ತುಂಬಾ ನೀರು ಬೀಳುತ್ತದೆ. ಅದನ್ನು ಸಣ್ಣ ಪಂಪಿನಿಂದ ಔಟ್‌ಡೋರ್ ಫಿನ್ (ತೆಳು ಲೋಹದ ರೆಕ್ಕೆಗಳ) ಮೇಲೆ ಸಿಂಪಡಿಸುತ್ತೇನೆ. ಒಂದು ಲೀಟರ್ ಪೂರ್ತಿ ಆವಿಯಾದರೆ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಬಿಸಿ ಹೊತ್ತುಕೊಂಡು ಹೋಗುತ್ತದೆ. ಕ್ಲ್ಯಾಂಪ್ ಮೀಟರ್ ಇಟ್ಟರೆ ಆಂಪ್ಸ್ ಇಳಿಯುವುದು ಕಾಣುತ್ತದೆ. ಟೈಮರ್, ಫ್ಲೋಟ್ ಸ್ವಿಚ್ ಎಲ್ಲ ನಾನೇ ಮಾಡಿದ್ದು. ಫೋಟೋ ಹಾಕಲಾ?

ಗಡಸು_ನೀರು
ಫಿನ್ ಮೇಲೆ ನೀರು ಹಾಕಿದರೆ ಸುಣ್ಣ ಕೂತು ಗಾಳಿಯೇ ಆಡುವುದಿಲ್ಲ.

ಕರಾವಳಿ_ಕೂಲ್
ಅದು ಗಾಳಿಯ ತೇವ ಇಳಿದು ಬಂದ ನೀರು, ಅದರಲ್ಲಿ ಸುಣ್ಣ ಎಲ್ಲಿಂದ ಬರುತ್ತದೆ? ಎಲ್ಲದಕ್ಕೂ ಸುಣ್ಣ ಅಂದರೆ ಹೇಗೆ?

ತಾಮ್ರದ_ಕೊಳವೆ
ಸುಣ್ಣ ಇಲ್ಲ, ಒಪ್ಪಿದೆ. ಆದರೆ ಕಡಲ ತೀರದ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಫಿನ್ ಮೊದಲೇ ಪುಡಿಯಾಗುತ್ತದೆ, ಅದರ ಮೇಲೆ ದಿನಾ ಒದ್ದೆ ಬೇರೆ. ಇನ್ನು ರಾಯಚೂರಿನ ಏಪ್ರಿಲ್ ಒಣ ಗಾಳಿಗೆ ಬಕೆಟ್ ಇರಲಿ, ಚೊಂಬು ತುಂಬಿದರೆ ಪುಣ್ಯ. ಬಿಸಿಲು ಸರ್, ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ರಾಯಚೂರು_ಬಿಸಿಲು
ಎಲ್ಲರೂ ತಮ್ಮ ಪುರಾಣ ಹೇಳುತ್ತಿದ್ದೀರಿ. ಎಸಿ ಐದು ಸ್ಟಾರ್ ಇನ್ವರ್ಟರ್, ಆರ್32 ಗ್ಯಾಸ್. 27ಕ್ಕೆ ಇಟ್ಟು ಫ್ಯಾನ್ ಹಾಕುತ್ತೇವೆ, ಅಮ್ಮನಿಗೆ ಚಳಿ ಆಗುತ್ತದೆ. ರೂಮಿನ ಕೂಲಿಂಗ್ ಚೆನ್ನಾಗಿದೆ. ನಿನ್ನೆ ರಾತ್ರಿ ಮುಟ್ಟಿ ನೋಡಿದೆ: ಕಾಯಿಲ್‌ನಿಂದ ನೀರು ಹೊರಬರುವ ಪೈಪು ಮೊದಲ ಗೇಣು ಕೈ ಸುಡುವಷ್ಟು ಬಿಸಿ, ಆಮೇಲೆ ಬೆಚ್ಚಗೆ, ಟ್ಯಾಂಕ್ ಹತ್ತಿರ ತಣ್ಣಗೆ.

ತಾಮ್ರದ_ಕೊಳವೆ
ಇನ್ವರ್ಟರ್, ಅದೂ 27ಕ್ಕೆ! ಇದನ್ನು ಮೊದಲೇ ಹೇಳಬಾರದಾ? ರಾತ್ರಿ ರೂಮು ತಣ್ಣಗಾದ ಮೇಲೆ ಕಂಪ್ರೆಸರ್ ನಿಧಾನಕ್ಕೆ ಉರುಳುತ್ತಿರುತ್ತದೆ. ಬಿಸಿ ಎಲ್ಲಿಂದ ಬರಬೇಕು? 22ಕ್ಕೆ ಇಟ್ಟು ನೋಡಿ.

ಸೋಲಾರ್_ಸೀನಣ್ಣ
ನೀರು ಕಾಯಿಸಲು 22ಕ್ಕೆ ಇಡುವುದಾದರೆ ಗೀಸರೇ ವಾಸಿ ಅಲ್ವಾ? ಲೆಕ್ಕ ಹಾಕಿ. ಒಂದೂವರೆ ಟನ್ ಅಂದರೆ ಸುಮಾರು 5.3 ಕಿಲೋವ್ಯಾಟ್ ಕೂಲಿಂಗ್. ಕಂಪ್ರೆಸರ್ ತಿನ್ನುವ ಒಂದೂವರೆ ಸೇರಿಸಿದರೆ ಪೂರ್ತಿ ಓಡುವಾಗ ಹತ್ತಿರ ಹತ್ತಿರ 6.8 ಹೊರಗೆ ಹೋಗುತ್ತದೆ. ಈ ಥರ ಸಣ್ಣ ಕಾಯಿಲ್ ಬಿಸಿ ಗ್ಯಾಸು ದ್ರವವಾಗುವ ಮೊದಲಿನ ಕಾವನ್ನಷ್ಟೇ ಹಿಡಿಯುತ್ತದೆ, ಹೆಚ್ಚೆಂದರೆ ಐದರಲ್ಲಿ ಒಂದು ಪಾಲು. ಒಂದು ಕಿಲೋವ್ಯಾಟ್ ಅಂತಿಟ್ಟುಕೊಳ್ಳಿ. ನೂರು ಲೀಟರ್ ನೀರನ್ನು 28ರಿಂದ 45ಕ್ಕೆ ಏರಿಸಲು ಬೇಕಾಗಿರುವುದು ಎರಡು ಯೂನಿಟ್. ಕಂಪ್ರೆಸರ್ ಕಾಲು ಭಾಗ ಓಡಿದರೂ ರಾತ್ರಿ ಎಂಟು ಗಂಟೆ ಸಾಕು. ಬಿಸಿ ಇದೆ ಅಂತ ಪೈಪ್ ಮುಟ್ಟಿ ಅವರೇ ಹೇಳುತ್ತಿದ್ದಾರಲ್ಲ. ನೀರು ತಿರುಗುತ್ತಿಲ್ಲ, ಅಷ್ಟೇ. ಪಂಪ್ ಇದೆಯಾ? ಟ್ಯಾಂಕ್ ಎಲ್ಲಿದೆ?

ತಾಮ್ರದ_ಕೊಳವೆ
ಕಾಲು ವೇಗದಲ್ಲಿ ಡಿಸ್ಚಾರ್ಜ್ ಬಿಸಿಯೂ ಇಳಿಯುತ್ತದೆ. ಕಾಗದದ ಲೆಕ್ಕ ಬೇರೆ, ಗೇಜ್ ಹಿಡಿದವನಿಗೆ ಗೊತ್ತಿರುವುದು ಬೇರೆ. ನಾನು ಹಾಲಿನ ಡೇರಿಯಲ್ಲಿ ಬಲ್ಕ್ ಕೂಲರ್‌ಗೆ ಇದೇ ಹಾಕಿದ್ದೇನೆ. ಕರೆದ ಹಾಲು 35 ಡಿಗ್ರಿ ಬಂದು 4ಕ್ಕೆ ಇಳಿಯಬೇಕು, ಕಂಪ್ರೆಸರ್ ಜೀವ ಬಿಟ್ಟು ಓಡುತ್ತದೆ. ಕ್ಯಾನ್ ತೊಳೆಯುವ ನೀರು ಅದರಲ್ಲೇ ಕಾಯುತ್ತದೆ.

ರಾಯಚೂರು_ಬಿಸಿಲು
ಪಂಪ್ ಇಲ್ಲ. ಬಿಸಿ ನೀರು ತಾನಾಗಿಯೇ ಮೇಲೇರುತ್ತದೆ ಅಂದಿದ್ದರು. ಟ್ಯಾಂಕ್ ತಾರಸಿ ಮೇಲೆ, ಔಟ್‌ಡೋರ್ ಪಕ್ಕದಲ್ಲೇ ನೆಲದ ಮೇಲೆ ಕೂತಿದೆ. ಔಟ್‌ಡೋರ್ ಕಬ್ಬಿಣದ ಸ್ಟ್ಯಾಂಡ್ ಮೇಲಿದೆ. ಪೈಪು ಸ್ಟ್ಯಾಂಡ್ ದಾಟಿ ಮೇಲೆ ಹೋಗಿ, ಬಗ್ಗಿ, ಕೆಳಗೆ ಟ್ಯಾಂಕಿಗೆ ಇಳಿಯುತ್ತದೆ.

ಸೋಲಾರ್_ಸೀನಣ್ಣ
ಮೇಲೇರುತ್ತದೆ ನಿಜ, ಕೆಳಗೆ ಇಳಿಯುವುದಿಲ್ಲ ಸ್ವಾಮೀ! ಸೋಲಾರ್‌ನಲ್ಲಿ ಟ್ಯಾಂಕ್ ಯಾಕೆ ಪ್ಯಾನೆಲ್‌ಗಿಂತ ಮೇಲೆ ಇಡುತ್ತಾರೆ? ಟ್ಯಾಂಕಿನ ತಳ ಕಾಯಿಲ್ ತಲೆಗಿಂತ ಒಂದಡಿಯಾದರೂ ಮೇಲಿರಬೇಕು. ಬಿಸಿ ಪೈಪು ಎಲ್ಲೂ ಬಗ್ಗದೆ ಏರುತ್ತಲೇ ಹೋಗಬೇಕು. ನಿಮ್ಮ ಆ ಡೊಂಕಿನಲ್ಲಿ ಗಾಳಿ ಕೂತಿರುತ್ತದೆ. ಟ್ಯಾಂಕ್ ಎತ್ತಲು ಆಗದಿದ್ದರೆ ಬಿಸಿ ನೀರಿಗೆ ತಡೆಯುವ ಸಣ್ಣ ಸರ್ಕ್ಯುಲೇಷನ್ ಪಂಪ್ ಹಾಕಿ. ಪೈಪು ಟ್ಯಾಂಕಿಗಿಂತ ಬಿಸಿ ಇದ್ದಾಗ ಮಾತ್ರ ಓಡುವ ಹಾಗೆ ಎರಡು ಸೆನ್ಸರ್ ಕಂಟ್ರೋಲರ್ ಇರಲಿ. ಇಲ್ಲದಿದ್ದರೆ ಎಸಿ ನಿಂತ ಮೇಲೂ ತಿರುಗಿಸಿ ಇದ್ದ ಬಿಸಿಯನ್ನೂ ಕಳೆಯುತ್ತದೆ.

ಅಂದಹಾಗೆ ರಾಯಚೂರಿನ ಬಿಸಿಲಿಗೆ ಸೋಲಾರ್ ಹಾಕದೆ ಇದೇಕೆ?

ರಾಯಚೂರು_ಬಿಸಿಲು
ಪಕ್ಕದವರು ಮೂರು ಮಹಡಿ ಎಬ್ಬಿಸಿದ್ದಾರೆ, ಮಧ್ಯಾಹ್ನ ಆದಮೇಲೆ ತಾರಸಿ ನೆರಳು. ಎಸಿ ಬಿಲ್ಲೂ ಅರ್ಧ ಆಗುತ್ತದೆ ಅಂತ ವಿಡಿಯೋದಲ್ಲಿ ಹೇಳಿದ್ದರು.

ತಾಮ್ರದ_ಕೊಳವೆ
ಎಸಿ ಬಿಲ್ ಅರ್ಧ ಅನ್ನುವುದು ಬರೀ ಬುರುಡೆ. ಕಂಡೆನ್ಸರ್ ಹೊರೆ ಸ್ವಲ್ಪ ಇಳಿದು ಕಂಪ್ರೆಸರ್‌ಗೆ ತುಸು ಹಗುರ ಆಗುತ್ತದೆ. ಉಳಿಯುವುದು ಮುಖ್ಯವಾಗಿ ಗೀಸರ್ ಕರೆಂಟು. ಎಸಿ ಓಡದ ಡಿಸೆಂಬರ್‌ನಲ್ಲಿ ಅದೂ ಇಲ್ಲ.

ಮುಖ್ಯವಾದ್ದು ಇನ್ನೊಂದು. ಕಾಯಿಲ್ ಒಂದೇ ಗೋಡೆಯದಾ, ಎರಡು ಗೋಡೆಯದಾ? ಒಂದೇ ಆದರೆ ತೂತು ಬಿದ್ದ ದಿನ ಕಂಪ್ರೆಸರ್ ಎಣ್ಣೆ ನಿಮ್ಮ ಸ್ನಾನದ ನೀರಿಗೆ. ಆರ್32 ಬೆಂಕಿ ಹತ್ತುವ ಗ್ಯಾಸ್ ಬೇರೆ. ಗ್ಯಾಸ್ ತೆಗೆಯದೆ, ಪೈಪಿನೊಳಗೆ ನೈಟ್ರೋಜನ್ ಬಿಡದೆ ಬೆಸುಗೆ ಟಾರ್ಚ್ ಹಿಡಿದಿದ್ದರೆ ಅವನನ್ನು ಮತ್ತೆ ಕರೆಯಬೇಡಿ. ವಾರಂಟಿ ಹೇಗೂ ಹೋಗಿದೆ.

ರಾಯಚೂರು_ಬಿಸಿಲು
ಗೋಡೆ ವಿಷಯ ಗೊತ್ತಿಲ್ಲ, ಅವರು ಫೋನ್ ಎತ್ತುತ್ತಿಲ್ಲ. ಸೀನಣ್ಣ ಹೇಳಿದ ಹಾಗೆ ಬಾಗಿದ ಜಾಗದ ಯೂನಿಯನ್ (ಬಿಚ್ಚಬಹುದಾದ ಪೈಪ್ ಜೋಡಣೆ) ಸ್ವಲ್ಪ ಸಡಿಲ ಮಾಡಿದೆ. ಬುಸ್ ಅಂತ ಗಾಳಿ ಬಂತು, ಹಿಂದೆಯೇ ಕುದಿಯುವಂಥ ನೀರು ಉಗುಳಿತು. ಬಿಗಿ ಮಾಡಿದ ಮೇಲೆ ಸ್ವಲ್ಪ ಹೊತ್ತು ಟ್ಯಾಂಕ್ ಕಡೆಯ ಪೈಪು ಬೆಚ್ಚಗಾಯಿತು, ಆಮೇಲೆ ಮತ್ತೆ ಮೊದಲಿನ ಹಾಗೆ. ವೆಲ್ಡರ್‌ಗೆ ಟ್ಯಾಂಕ್ ಸ್ಟ್ಯಾಂಡ್ ಹೇಳಿದ್ದೇನೆ, ಭಾನುವಾರ ಬರುತ್ತಾನಂತೆ.

ಗಡಸು_ನೀರು
ಸಡಿಲ ಮಾಡಿದಾಗ ಬಿಳಿ ಪುಡಿ ಬಂತಾ?

ಕರಾವಳಿ_ಕೂಲ್
ಫೋಟೋ ಹಾಕಿದ್ದೇನೆ, ನೋಡಿ. ನೀಲಿ ಪೈಪು ಪಂಪಿನದು.

ಹೊಸಬ_ಹೊಸಪೇಟೆ
ಇದನ್ನು ಹಳೇ ವಿಂಡೋ ಎಸಿಗೆ ಮಾಡಬಹುದಾ? ಆರ್22 ಗ್ಯಾಸಿನದು ಇದೆ.

ತಾಮ್ರದ_ಕೊಳವೆ
ಆಗುತ್ತದೆ, ಆದರೆ ಡಬ್ಬದೊಳಗೆ ಕೈ ಆಡಲು ಜಾಗ ಇರುವುದಿಲ್ಲ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಆಗಲೇ ಎಲ್ಲ ಕಲಸುಮೇಲೋಗರ ಆಗಿದೆ.