ರಾಯರ ಎಂಜಿನ್ನಿಗೆ ಹೊಸ ಮೋಟರು

‘ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋದರೆ ಮೋಟರನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ. ಅದಕ್ಕೆ ಇಷ್ಟು ದೊಡ್ಡ ಸಭೆಯೇಕೆ?’ ಎಂದು ಮೂರ್ತಿ ಕೇಳಿದ.

ರಾಯರು ತಲೆಯೆತ್ತಲಿಲ್ಲ. ಬಸವನಗುಡಿಯ ಅವರ ಮಹಡಿ ಕೋಣೆಯಲ್ಲಿ, ಮಡಿಸಿದ ಟವೆಲಿನ ಮೇಲೆ ಅವರ ಮಾದರಿ ರೈಲಿನ ಅಂಗೈಯುದ್ದದ ಡೀಸೆಲ್ ಎಂಜಿನ್ ಚಕ್ರ ಮೇಲಾಗಿ ಮಲಗಿತ್ತು. ಹೆಸರಿಗಷ್ಟೇ ಡೀಸೆಲ್, ಓಡುವುದು ಕರೆಂಟಿನ ಮೋಟರಿನಿಂದ. ಅಳಿಯ ಜರ್ಮನಿಯಿಂದ ತಂದುಕೊಟ್ಟ ಹಳೆಯ ಮಾಲು. ಕೆಲವು ದಿನಗಳಿಂದ ಗುರುಗುಟ್ಟುತ್ತಿತ್ತು, ಬಿಸಿಯಾಗುತ್ತಿತ್ತು, ಸುಟ್ಟ ವಾಸನೆಯನ್ನೂ ಬಿಡುತ್ತಿತ್ತು.

‘ಮೊದಲು ರೋಗ ಯಾರದೆಂದು ತಿಳಿಯಬೇಕು. ಮೋಟರಿನದೋ, ಗೇರಿನದೋ?’ ಎಂದರು ಮೇಷ್ಟರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಬಿಟ್ಟರೆ ಕೋಡುಬಳೆಗೂ ಸಮೀಕರಣ ಬರೆಯುತ್ತಾರೆ. ಅವರ ಮಾತಿನಂತೆ ಮೋಟರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬೆರಳಿನಿಂದ ಚಕ್ರ ತಿರುಗಿಸಿದರೆ ಅದು ಮುಷ್ಕರ ಹೂಡಿತು. ಗ್ರೀಸು ಒಣಗಿ ಅಂಟಾಗಿತ್ತು. ಮೂರ್ತಿ ಚಿಮಟದಿಂದ ಅಚ್ಚಿಗೆ ಸುತ್ತಿಕೊಂಡಿದ್ದ ಚಾಪೆಯ ನಾರನ್ನು ಎಳೆದ. ಅದರ ಹಿಂದೆಯೇ ಒಂದು ಕಪ್ಪು ಕೂದಲೂ ಬಂತು.

‘ರಾಯರ ತಲೆಯದಂತೂ ಅಲ್ಲ’ ಎಂದೆ ನಾನು.

‘ಅವರದೇ ಇರಬಹುದು. ಕಾಲನಿರ್ಣಯ ಮಾಡಿಸಬೇಕು’ ಎಂದ ಮೂರ್ತಿ.

ಗೇರು ಶುದ್ಧವಾದ ಮೇಲೂ ಮೋಟರಿನ ಬಿಸಿ ಇಳಿಯಲಿಲ್ಲ. ಮೇಷ್ಟರು ಪಾಠಕ್ಕಿಳಿದರು. ಹಳೆಯ ಮೋಟರುಗಳಲ್ಲಿ ಹೆಚ್ಚಾಗಿ ಇರುವುದು ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ. ಯಾರೋ ಪುಣ್ಯಾತ್ಮರು ಒಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರನ್ನು ಹೊರಗೆ ತೆಗೆದರೆಂದರೆ ಅಯಸ್ಕಾಂತದ ಶಕ್ತಿ ಇಳಿದುಬಿಡುತ್ತದೆ. ವಿಚಿತ್ರವೆಂದರೆ, ಅಯಸ್ಕಾಂತ ಸೊರಗಿದ ಮೋಟರು ಹೊರೆಯಿಲ್ಲದಿದ್ದಾಗ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಕಾಯುತ್ತದೆ. ಎಳೆಯುವ ಬಲ ಮಾತ್ರ ಇರುವುದಿಲ್ಲ.

‘ನಮ್ಮ ಸೂಪರಿಂಟೆಂಡೆಂಟರು ಹೀಗೆಯೇ ಇದ್ದರು. ಓಡಾಟ ವಿಪರೀತ, ಬಿಸಿ ವಿಪರೀತ; ಕಡತ ಮಾತ್ರ ಇದ್ದಲ್ಲಿಂದ ಅಲುಗುತ್ತಿರಲಿಲ್ಲ’ ಎಂದ ಮೂರ್ತಿ.

ಹಳೆಯ ಮೋಟರಿಗೆ ನಿವೃತ್ತಿ ಎಂದು ತೀರ್ಮಾನವಾಯಿತು. ಮಾರನೆಯ ಸಂಜೆ ಮೂರ್ತಿ ಗುಜರಿಯ ಡಿವಿಡಿ ಪ್ಲೇಯರಿನಿಂದ ಕಿತ್ತ ಮೋಟರನ್ನು ಜೇಬಿನಿಂದ ತೆಗೆದು, ಕೋಹಿನೂರ್ ವಜ್ರವೆಂಬಂತೆ ಮೇಜಿನ ಮೇಲಿಟ್ಟ. ಈ ಹವ್ಯಾಸದವರು ಇಂತಹ ಮೋಟರುಗಳನ್ನು ಬಳಸುವುದುಂಟು, ನಿಜ. ಆದರೆ ಇವು ಸಾಮಾನ್ಯವಾಗಿ ಐದಾರು ವೋಲ್ಟಿಗೆ ಹುಟ್ಟಿದವು, ರಾಯರ ಹಳಿಯಲ್ಲಿ ಹರಿಯುವುದು 12 ವೋಲ್ಟು. ಮೇಷ್ಟರು ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೂರ್ತಿ ಮೋಟರನ್ನು ಒಳಗೆ ಕೂರಿಸಿ ಗುಂಡಿಯನ್ನು ಪೂರ್ತಿ ತಿರುಗಿಸಿದ್ದ. ಎಂಜಿನ್ ಎರಡು ಮೀಟರ್ ಮೇಜನ್ನು ಮೂರು ಸೆಕೆಂಡಿನಲ್ಲಿ ದಾಟಿ, ತಿರುವನ್ನು ಲೆಕ್ಕಿಸದೆ, ಕೋಡುಬಳೆಯ ತಟ್ಟೆಯಲ್ಲಿ ನಿಂತಿತು.

‘ಅಳತೆ 1:87, ಅಸಲಿ ರೈಲಿನ 87ರಲ್ಲೊಂದು ಭಾಗ. ಅಂದರೆ ಅಸಲಿ ಲೆಕ್ಕದಲ್ಲಿ ಗಂಟೆಗೆ ಸುಮಾರು 209 ಕಿಲೋಮೀಟರ್. ವಂದೇ ಭಾರತ್ 2018ರ ಪರೀಕ್ಷೆಯಲ್ಲಿ ಮುಟ್ಟಿದ್ದು 180. ಅಭಿನಂದನೆಗಳು ರಾಯರೇ’ ಎಂದರು ಮೇಷ್ಟರು, ಚೀಟಿಯಿಂದ ಕಣ್ಣು ಕೀಳದೆ. ರಾಯರು ಎಂಜಿನ್ನಿನ ಮೂತಿಗೆ ಅಂಟಿದ್ದ ಎಣ್ಣೆಯನ್ನು ಪಂಚೆಯಂಚಿನಿಂದ ಒರೆಸುತ್ತಿದ್ದರು.

ಸರಿಯಾದ 12 ವೋಲ್ಟಿನ, ನಿಧಾನಗತಿಯ ಮೋಟರು ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಮೋಟರು ಸಿಗುವುದು ಸುಲಭ; ಅದರ ತುದಿಗೆ ವರ್ಮ್ ಎಂಬ ತಿರುಪಿನಾಕಾರದ ಗೇರನ್ನು ಕೂರಿಸುವುದರಲ್ಲಿಯೇ ಮನುಷ್ಯನ ಸ್ವಭಾವ ಹೊರಬೀಳುವುದು. ಹಳೆಯ ಶಾಫ್ಟಿನಿಂದ ವರ್ಮನ್ನು ಕೀಳಲು ಮೂರ್ತಿ ಸುತ್ತಿಗೆ ಎತ್ತಿದ. ರಾಯರು ಅವನ ಕೈ ಹಿಡಿದರು. ಅದಕ್ಕೆಂದೇ ತಿರುಪು ಹಾಕಿ ಮೆಲ್ಲಗೆ ಎಳೆಯುವ ಪುಟ್ಟ ಸಾಧನವಿದೆ. ಹೊಸ ಶಾಫ್ಟು ವರ್ಮಿನ ತೂತಿಗಿಂತ ಸಣ್ಣದಿತ್ತು. ನಡುವೆ ಹಿತ್ತಾಳೆಯ ಕೊಳವೆಯ ತುಂಡೊಂದನ್ನು ತೂರಿಸಬೇಕಾಯಿತು.

ಆಮೇಲೆ ಹಲ್ಲುಗಳ ಸಂದು. ವರ್ಮು ಗೇರಿಗೆ ತೀರಾ ಒತ್ತಿಕೊಂಡರೆ ಮೋಟರು ನರಳುತ್ತದೆ, ದೂರ ನಿಂತರೆ ಹಲ್ಲು ಜಾರಿ ಸವೆಯುತ್ತದೆ. ನಡುವೆ ತೆಳುವಾದ ಕಾಗದವಿಟ್ಟು, ಒತ್ತಿ, ತಿರುಪು ಬಿಗಿದು, ಬಳಿಕ ಕಾಗದವನ್ನು ಹೊರಕ್ಕೆ ಎಳೆಯುವುದು ಬಲ್ಲವರ ಕ್ರಮ. ಮೇಷ್ಟರು ಜೇಬಿನಿಂದ ಬೆಳಗಿನ ಹೋಟೆಲ್ ಬಿಲ್ಲನ್ನು ತೆಗೆದರು. ಗೇರು ತಿರುಗಿಸಿ ಹೊರಗೆಳೆದಾಗ ‘ಇಡ್ಲಿ’ ಹಾಗೆಯೇ ಇತ್ತು, ‘ವಡೆ’ಯ ಮೇಲೆ ಸಾಲಾಗಿ ಹಲ್ಲಿನ ಗುರುತು ಮೂಡಿತ್ತು. ರಾಯರು ಅದನ್ನು ಬೆಳಕಿಗೆ ಹಿಡಿದು, ಕಿವಿಯಲ್ಲಿ ಗೇರಿನ ಸದ್ದು ಆಲಿಸಿ, ತಲೆದೂಗಿದರು.

ಅಷ್ಟರಲ್ಲಿ ಮೂರ್ತಿಗೆ ಹಳಿಯ ಮೇಲೆ ಅನುಮಾನ ಬಂತು. ‘ನಮ್ಮ ರೈಲಿನ ಬಣ್ಣ ಬಳಿದಿದ್ದೀರಿ, ಸರಿ. ಹಳಿ ಏಕೋ ಕಿರಿದಾಗಿ ಕಾಣುತ್ತದಲ್ಲ?’

ಹುಣ್ಣಿಗೇ ಕೋಲು ಹಾಕಿದಂತಾಯಿತು. ರಾಯರ ಹಳಿಯ ಅಗಲ 16.5 ಮಿಲಿಮೀಟರ್, ಅದು 1435 ಮಿಲಿಮೀಟರಿನ ವಿದೇಶಿ ಹಳಿಯ 87ರಲ್ಲೊಂದು ಭಾಗ. ನಮ್ಮ ಬ್ರಾಡ್‌ಗೇಜ್ 1676. ಅದಕ್ಕೆ 19 ಮಿಲಿಮೀಟರಿಗಿಂತ ಹೆಚ್ಚು ಬೇಕು.

‘ಹಾಗಾದರೆ ಊರಿನಲ್ಲಿ ಈ ಹಳಿಗೆ ಸರಿಹೊಂದುವ ರೈಲೇ ಇಲ್ಲವೇ?’

‘ಇದೆ, ನಮ್ಮ ಮೆಟ್ರೊ. ಅದರದು 1435. ಅದೂ ಇದರಂತೆ ಡಿಸಿ ಕರೆಂಟಿನಲ್ಲಿಯೇ ಓಡುತ್ತದೆ. ಇಲ್ಲಿ 12 ವೋಲ್ಟು, ಅಲ್ಲಿ 750’ ಎಂದರು ಮೇಷ್ಟರು.

ರಾಯರು ‘ಮೆಟ್ರೊಗೆ ಎಂಜಿನ್ನೇ ಇಲ್ಲವಲ್ಲ’ ಎಂದು ಒಂದೇ ಮಾತಿನಲ್ಲಿ ಆ ವಿಷಯವನ್ನು ಮುಗಿಸಿ, ಮೇಲ್ಕವಚವನ್ನು ಒತ್ತಿ ಕೂರಿಸಿದರು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಎಂಜಿನ್ ಸದ್ದಿಲ್ಲದೆ, ಅಳುಕದೆ, ಸ್ಲೀಪರುಗಳನ್ನು ಒಂದೊಂದಾಗಿ ಎಣಿಸುವಂತೆ ಹೊರಟಿತು. ಹಿಂದಕ್ಕೆ.

‘ವೈರು ಅದಲುಬದಲಾಗಿದೆ, ಬಿಚ್ಚಿ ಬದಲಾಯಿಸಿ’ ಎಂದರು ಮೇಷ್ಟರು. ಆ ಕವಚದ ಕೊಕ್ಕೆಗಳನ್ನು ಮತ್ತೆ ಬಿಡಿಸುವ ಮಾತು ಕೇಳಿಯೇ ರಾಯರು ಬೆವೆತರು. ಎಂಜಿನ್ನನ್ನೇ ಎತ್ತಿ ತಿರುಗಿಸಿ ಇಟ್ಟರು. ಅದು ಮತ್ತೆ ಅದೇ ದಿಕ್ಕಿಗೆ ಹೊರಟಿತು. ಮೂರ್ತಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಎಂಜಿನ್ ಹೋಗುವ ದಿಕ್ಕನ್ನು ನಿರ್ಧರಿಸುವುದು ಯಾವ ಹಳಿ ಧನ, ಯಾವುದು ಋಣ ಎಂಬುದು. ಅದರ ಮೂತಿ ಎತ್ತ ಇದೆ ಎಂಬುದಲ್ಲ. ತಿರುಗಿಸಿ ಇಟ್ಟರೆ ಮೋಟರಿಗೂ ಕರೆಂಟು ತಿರುಗುಮುರುಗಾಗಿ, ಎರಡು ತಿರುವುಗಳು ಒಂದಕ್ಕೊಂದು ವಜಾ ಆಗುತ್ತವೆ.

ರಾಯರು ಸ್ವಲ್ಪ ಹೊತ್ತು ಯೋಚಿಸಿ, ಬಿಳಿ ಚೀಟಿಯ ಮೇಲೆ ‘ಮುಂದೆ’ ಎಂದು ಬರೆದು, ಕಂಟ್ರೋಲರಿನ ‘ಹಿಂದೆ’ ಎಂಬುದರ ಮೇಲೆ ಅಂಟಿಸಿದರು.

‘ನಿಮ್ಮ ಇನ್ನೊಂದು ಎಂಜಿನ್ ಸರಿಯಾಗಿಯೇ ಇದೆಯಲ್ಲ ರಾಯರೇ? ಎರಡನ್ನೂ ಒಂದೇ ಗಾಡಿಗೆ ಕಟ್ಟಿದರೆ?’ ಎಂದರು ಮೇಷ್ಟರು.

‘ಕಟ್ಟುವುದಿಲ್ಲ. ಅದಕ್ಕೂ ಇದಕ್ಕೂ ಮೊದಲಿನಿಂದ ಮಾತಿಲ್ಲ’ ಎಂದರು ರಾಯರು.