ಮಳೆಗಾಲ ಕಳೆದ ಮೇಲೆ ಕ್ಯಾಕ್ಟಸಿನ ಬುಡ ಕಂದು, ಹೂವೂ ಇಲ್ಲ

ಮುಳ್ಳೇರಿಯ ಸಿಟೌಟ್:
ಎರಡು ಪುಟ್ಟ ಕ್ಯಾಕ್ಟಸ್ ಇವೆ. ಎರಡೂ 3 ಇಂಚಿನ ಪ್ಲಾಸ್ಟಿಕ್ ಚಟ್ಟಿಯಲ್ಲಿ, ನರ್ಸರಿಯಿಂದ ಬಂದ ತೆಂಗಿನ ನಾರಿನ ಪುಡಿಯಲ್ಲೇ ಇವೆ. ಒಂದು ನಿಂಬೆಹಣ್ಣಿನ ಗಾತ್ರದ ಉಂಡೆ. ಮೈತುಂಬ ಬಿಳಿ ಕೂದಲಿನಂಥ ಮುಳ್ಳು, ನಡುನಡುವೆ ಕೊಕ್ಕೆಯಂತೆ ಬಾಗಿದ ಕಂದು ಮುಳ್ಳು. ಏಪ್ರಿಲಿನಲ್ಲಿ ತರುವಾಗ ತಲೆಯ ಸುತ್ತ ಗುಲಾಬಿ ಹೂಗಳ ಬಳೆ ಇತ್ತು, ಆಮೇಲೆ ಒಂದೂ ಬಿಡಲಿಲ್ಲ. ಈಗ ಬುಡದಿಂದ 1 ಸೆಂ.ಮೀ.ನಷ್ಟು ಕಂದಾಗಿದೆ, ಉಬ್ಬುಗಳ ಸಂದಿನಲ್ಲಿ ಹತ್ತಿಯಂಥದ್ದು ಕಾಣುತ್ತದೆ.

ಇನ್ನೊಂದು ಏಣುಗಳಿರುವ ಬೂದು-ಹಸಿರು ಉಂಡೆ. ನೆತ್ತಿಯ ಮೇಲಿನ ಕೆಂಪು ಹೂ ಆರು ತಿಂಗಳಾದರೂ ಬಾಡಿಲ್ಲ! ಮುಟ್ಟಿದರೆ ಕಾಗದದ ಹಾಗೆ ಸರಸರ ಅನ್ನುತ್ತದೆ. ನೀರು ತಾಗಿದರೆ ಮುಚ್ಚಿಕೊಂಡು ಮರುದಿನ ಬಿಚ್ಚುತ್ತದೆ.

ಜೂನಿನಿಂದ ಸಿಟೌಟಿನ (ಮುಂಬದಿಯ ಜಗಲಿಯ) ಮೇಜಿನ ಮೇಲಿವೆ. ವಾರಕ್ಕೆ ಎರಡು ಚಮಚ ನೀರು. ಈಗ ಬಿಸಿಲು ಬಂದಿದೆ, ಅಂಗಳದಲ್ಲಿ ಇಡಬಹುದೇ? ಅಡಿಕೆಗೆ ಸಿಂಪಡಿಸಿ ಉಳಿದ ಬೋರ್ಡೋ (ಮೈಲುತುತ್ತು-ಸುಣ್ಣದ ಮದ್ದು) ಸ್ವಲ್ಪ ಇದೆ, ಬುಡಕ್ಕೆ ಹೊಯ್ಯಬಹುದೇ?

ಪೆರ್ಲ ಗೆರಟೆ:
ಮೊದಲು ಆ ಕೆಂಪು ಹೂವಿನ ಗುಟ್ಟು. ಅದು ಗಿಡದ್ದಲ್ಲ. ಸ್ಟ್ರಾಫ್ಲವರ್ ಎಂಬ ಬೇರೆ ಗಿಡದ ಒಣ ಹೂವನ್ನು ಬಿಸಿ ಅಂಟಿನಲ್ಲಿ ನೆತ್ತಿಗೆ ಮೆತ್ತಿರುತ್ತಾರೆ. ಒಣಗಿ ಎಷ್ಟು ದಿನವಾದರೂ ತೇವಕ್ಕೆ ಮುಚ್ಚಿ ಒಣಹವೆಗೆ ಬಿಚ್ಚುವುದು ಅದರ ಗುಣ. ಕೊಂಡವರು ಜೀವ ಇದೆ ಎಂದು ನಂಬುವುದು ಅದಕ್ಕೇ.

ಕೊಕ್ಕೆ ಮುಳ್ಳು, ಬಳೆಯಂತೆ ಹೂ ಎಂದರೆ ಒಂದನೆಯದು ಮಮಿಲೇರಿಯ. ಪೆನ್ಸಿಲಿನ ಹಿಂತುದಿಯಿಂದ ಕಂದು ಭಾಗವನ್ನು ಒತ್ತಿ. ಮಣಿಯದೆ ಗಟ್ಟಿಯಿದ್ದರೆ ಅದು ವಯಸ್ಸಿನ ತೊಗಟೆ, ರೋಗವಲ್ಲ. ಮಣಿದರೆ, ರಸ ಜಿನುಗಿದರೆ ಕೊಳೆ. ಆಗ ಹರಿತವಾದ ಬ್ಲೇಡನ್ನು ಸ್ಪಿರಿಟಿನಲ್ಲಿ ಒರೆಸಿ, ಮೃದು ಭಾಗದ ಮೇಲಿನಿಂದ ಅಡ್ಡ ಕೊಯ್ಯಿರಿ. ಕೊಯ್ದ ಮುಖದ ನಡುವಿನ ಉಂಗುರದಲ್ಲಿ ಕಂದು ಚುಕ್ಕೆ ಕಂಡರೆ ಬ್ಲೇಡ್ ಮತ್ತೆ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಬೇಕು. ಒಂದೇ ಒಂದು ಚುಕ್ಕೆ ಉಳಿದರೂ ಕೊಳೆ ಪುನಃ ಮೇಲೇರುತ್ತದೆ. ಮುಖ ಬೆಳ್ಳಗಾದ ಮೇಲೆ ನೆರಳಲ್ಲಿ ಗಾಳಿಗೆ ಹತ್ತು ದಿನ ಒಣಗಲಿ, ಆಮೇಲೆ ಒಣ ಹೊಯಿಗೆಯ (ಮರಳಿನ) ಮೇಲೆ ಬರೇ ಕೂರಿಸಿ.

ಬೋರ್ಡೋ ಬೇಡವೇ ಬೇಡ. ಅದು ಮೇಲಿನಿಂದ ಬರುವ ರೋಗಕ್ಕೆ ತಡೆ, ಒಳಗೆ ಹಿಡಿದ ಕೊಳೆಯನ್ನು ಮುಟ್ಟುವುದಿಲ್ಲ. ಮಾಡಿದ ದಿನವೇ ಬಿಟ್ಟು ಮುಗಿಸಬೇಕಾದ ಮದ್ದು ಅದು, ಉಳಿದದ್ದಕ್ಕೆ ಬಲವಿಲ್ಲ. ಮೇಲಾಗಿ ಬಿಳಿ ಮುಳ್ಳಿಗೆ ನೀಲಿ ಹಿಡಿದರೆ ಹೋಗದು.

ನಿಜವಾದ ತೊಂದರೆ ಆ ನಾರಿನ ಪುಡಿ ಮತ್ತು ಎರಡು ಚಮಚ. ಆಟಿಯ (ಜುಲೈ–ಆಗಸ್ಟಿನ) ಹವೆಯಲ್ಲಿ ನಾರಿನ ಪುಡಿಯ ಮೇಲ್ಭಾಗ ಆರುವುದೇ ಇಲ್ಲ, ಚಮಚದ ನೀರು ಗಿಡದ ಕುತ್ತಿಗೆಯ ಹತ್ತಿರವೇ ನಿಲ್ಲುತ್ತದೆ. ಕೆಳಗೆ ಬೇರಿನ ಉಂಡೆ ಪೂರ್ತಿ ಒಣ. ಎರಡು ಚಮಚ ನೀರು ಅಲ್ಲಿಯ ತನಕ ಇಳಿಯುವುದೇ ಇಲ್ಲ. ಹೀಗೆ ಕುತ್ತಿಗೆಗೆ ಕೊಳೆ, ಬೇರಿಗೆ ಬರ, ಎರಡೂ ಒಂದೇ ಚಟ್ಟಿಯಲ್ಲಿ.

ಈಗಲೇ ಚಟ್ಟಿ ಬದಲಿಸಿ. ಅಳತೆಗೆ ಗೆರಟೆ (ತೆಂಗಿನ ಚಿಪ್ಪು) ಸಾಕು: 3 ಮಿ.ಮೀ.ನಿಂದ 6 ಮಿ.ಮೀ.ವರೆಗಿನ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು 3, ತೊಳೆದ ದೊರಗು ಹೊಳೆ ಹೊಯಿಗೆ 2, ಗೆರಟೆ ಇದ್ದಲಿನ ಚೂರು 1, ಹಳೆಯ ಒಣ ಸೊಪ್ಪಿನ ಗೊಬ್ಬರ 2. ಕಡಲ ಹೊಯಿಗೆ ಬೇಡ, ಉಪ್ಪು ಮತ್ತು ನುಣುಪು. ಮುರಕಲ್ಲಿನ ಚೂರನ್ನು ಒಂದು ರಾತ್ರಿ ನೀರಲ್ಲಿ ಹಾಕಿಡಿ. ಬೆಳಗ್ಗೆ ಕೆಸರಾಗಿ ಕರಗುವಂಥದ್ದು ಪ್ರಯೋಜನವಿಲ್ಲ, ಅದು ಚಟ್ಟಿಯೊಳಗೆ ಜೇಡಿಯಾಗುತ್ತದೆ. ಗಟ್ಟಿ ಉಳಿದದ್ದರ ಧೂಳು ಜರಡಿಯಲ್ಲಿ ಪೂರ್ತಿ ಹೋಗಲಿ.

ಗಿಡವನ್ನು ಮಡಚಿದ ಪೇಪರಿನ ಪಟ್ಟಿಯಲ್ಲಿ ಸುತ್ತಿ ಹಿಡಿದು ಎತ್ತಿ, ಇಲ್ಲವಾದರೆ ಕೊಕ್ಕೆ ಮುಳ್ಳು ಬೆರಳು ಬಿಡುವುದಿಲ್ಲ. ಹಳೆಯ ನಾರನ್ನು ಒಣಗಿದಾಗಲೇ ಕಡ್ಡಿಯಿಂದ ಉದುರಿಸಿ. ಬೇರಿನ ನಡುವೆ ಸಣ್ಣ ಬಲೆಯ ಚೀಲ ಇದ್ದರೆ ಕತ್ತರಿಸಿ ತೆಗೆಯಿರಿ. ಗಿಡಕ್ಕಿಂತ ಒಂದು ಬೆರಳಗಲ ದೊಡ್ಡದಾದ ಮಣ್ಣಿನ ಚಟ್ಟಿ, ಅಡಿಯಲ್ಲಿ ತೂತು. ನೆಟ್ಟು ಒಂದು ವಾರ ನೀರೇ ಬೇಡ, ಹರಿದ ಬೇರು ಒಣಗಬೇಕು. ಆಮೇಲೆ ಕೊಡುವಾಗ ತೂತಿನಿಂದ ಇಳಿಯುವಷ್ಟು ಕೊಡಿ. ಮುಂದಿನದು ಯಾವಾಗ? ಹಿಡಿಸೂಡಿಯ (ಪೊರಕೆಯ) ಕಡ್ಡಿಯನ್ನು ಅಡಿತನಕ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತಣ್ಣಗಿದ್ದರೆ, ಧೂಳು ಅಂಟಿದ್ದರೆ ಕಾಯಿರಿ. ಒಣ ಬಂದ ಮೇಲೂ ಎರಡು ದಿನ ತಡೆಯಿರಿ.

ಅಂಗಳಕ್ಕೆ ಒಮ್ಮೆಲೇ ಇಡಬೇಡಿ. ನಾಲ್ಕು ತಿಂಗಳು ನೆರಳಲ್ಲಿದ್ದ ಮೈಗೆ ತುಲಾ ತಿಂಗಳ (ಅಕ್ಟೋಬರ್–ನವೆಂಬರಿನ) ಮಧ್ಯಾಹ್ನದ ಬಿಸಿಲು ಒಂದೇ ದಿನದಲ್ಲಿ ಬಿಳಿ ಕಲೆ ಬೀಳಿಸುತ್ತದೆ, ಅದು ಮಾಸುವುದಿಲ್ಲ. ಮೊದಲ ವಾರ ಬೆಳಗ್ಗೆ 9ರ ತನಕ, ಎರಡನೆಯ ವಾರ 10:30ರ ತನಕ, ಆಮೇಲೆ ದಿನಕ್ಕೆ ನಾಲ್ಕೈದು ಗಂಟೆ.

ಜತ್ತ ಮಾಳಗಿ:
ಗೆರಟೆಯವರು ಹೇಳಿದ್ದು ಖರೇ ಅದ. ಆ ಹತ್ತಿ ಬಗ್ಗೆ ಹೇಳ್ತೀನಿ ನೋಡ್ರಿ. ಮಮಿಲೇರಿಯಕ್ಕ ಉಬ್ಬಿನ ಸಂದಿನಾಗ ಹುಟ್ಟಾ ಹತ್ತಿ ಇರ್ತದ, ಎಲ್ಲಾ ಕಡೆ ಒಂದೇ ಸಮ. ಒಂದೇ ಮಗ್ಗಲಿಗೆ ಗುಪ್ಪಿ ಗುಪ್ಪಿ ಇತ್ತಂದ್ರ ಸೂಜಿಲೆ ಕೆದರ್ರಿ. ಅಂಟಂಟಾಗಿ ಎದ್ದು ಬಂದು ರಸ ಒಸರಿದ್ರ ಅದು ಹಿಟ್ಟು ತಿಗಣಿ. ಮೂರು ಪಾಲು ಸ್ಪಿರಿಟ್, ಒಂದು ಪಾಲು ನೀರು, ಸಣ್ಣ ಬ್ರಷ್‌ಲೆ ಸಂಜಿ ಮುಂದ ಹಚ್ಚರಿ. ಬಿಸಿಲಾಗ ಹಚ್ಚಿದ್ರ ಮೈ ಸುಡ್ತದ. ವಾರಕ್ಕೊಮ್ಮೆ, ಮೂರು ಸಲ, ಯಾಕಂದ್ರ ತತ್ತಿ ಒಂದೇ ಸಲಕ್ಕ ಸಾಯಂಗಿಲ್ಲ. ಚಟ್ಟಿ ಬದಲಿಸುವಾಗ ಬೇರೂ ನೋಡ್ರಿ, ಅಲ್ಲಿ ಬಿಳಿ ಬೂದಿ ಹಚ್ಚಿದಂಗ ಇದ್ರ ಬೇರಿನ ತಿಗಣಿ. ಆಗ ಬೇರು ತೊಳದು, ಐದು ದಿನ ಒಣಗಿಸಿ, ಹೊಸ ಮಣ್ಣು ಹಾಕ್ರಿ.

ಮ್ಯಾಲೆ ಹರಳು ಹಾಸೋದು ನಮ್ಮ ಒಣ ಸೀಮಿಗೆ ಚಲೋ, ನಿಮ್ಮಲ್ಲಿ ಮಳಿಗಾಲಕ್ಕ ತಗದು ಬಿಡ್ರಿ, ಕೆಳಗಿನ ಹಸಿ ಕಾಣಂಗಿಲ್ಲ. ನೀರಿನ ವಿಷಯದಾಗ ನೀವ ಪುಣ್ಯವಂತರು. ನಮ್ಮ ಬೋರಿನ ಗಡಸು ನೀರಿಗೆ ಬುಡದ ಸುತ್ತ ಬಿಳಿ ಸುಣ್ಣದ ಕಟ್ಟು ಕಟ್ಟತದ. ನಿಮ್ಮ ಬಾವಿ ನೀರು ಮೆತ್ತಗ ಇರ್ತದ, ಹಂಗ ಹಾಕ್ರಿ.

ತಾಳವಾಡಿ ಹಿತ್ತಲು:
ಹೂವಿನ ಮಾತು ಉಳಿಯಿತು. ಮಮಿಲೇರಿಯದ ಮೊಗ್ಗು ನೆತ್ತಿಯಿಂದ ಬರುವುದಿಲ್ಲ, ಹಿಂದಿನ ವರ್ಷ ಬೆಳೆದ ಉಬ್ಬುಗಳ ಸಂದಿನಿಂದ ಬರುತ್ತದೆ. ಬಳೆಯಂತೆ ಕಾಣುವುದು ಅದಕ್ಕೇ. ಈ ಮಳೆಗಾಲದಲ್ಲಿ ಬೆಳಕು ಸಾಲದೆ ಬೆಳವಣಿಗೆ ಕುಂಟಿದ್ದರೆ ಬರುವ ಫೆಬ್ರುವರಿ–ಮಾರ್ಚಿಗೆ ಹೂ ಕಡಿಮೆ. ನೆತ್ತಿ ಚೂಪಾಗಿ ಮುಳ್ಳು ವಿರಳವಾಗಿದ್ದರೆ ಬೆಳಕು ಸಾಲಲಿಲ್ಲ ಎಂದೇ ಲೆಕ್ಕ.

ಇದರ ತವರು ಮೆಕ್ಸಿಕೋದ ಪ್ರಸ್ಥಭೂಮಿ. ಅಲ್ಲಿಯೂ ಮಳೆ ಬರುವುದು ಜೂನ್–ಸೆಪ್ಟೆಂಬರಿನಲ್ಲೇ, ಚಳಿಗಾಲ ಒಣ. ಅಂದರೆ ನಮ್ಮ ಪಂಚಾಂಗವೇ. ವ್ಯತ್ಯಾಸ ಪ್ರಮಾಣದಲ್ಲಿ: ನಿಮ್ಮ ಕಾಸರಗೋಡಿನ ಮಳೆ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ, ಆ ಪ್ರಸ್ಥಭೂಮಿಗೆ ಅದರ ಕಾಲು ಭಾಗವೂ ಇಲ್ಲ. ಆದ್ದರಿಂದ ಜೂನಿನಲ್ಲಿ ಕತ್ತಲೆಗೆ ಸರಿಸಬೇಡಿ. ಅಡಿಕೆ ಒಣಗಿಸಲು ಹಾಕುವ ಪಾರದರ್ಶಕ ಶೀಟಿನ ಅಡಿಯಲ್ಲಿ, ನಾಲ್ಕು ಬದಿಯೂ ಗಾಳಿಯಾಡುವಂತೆ ಇಡಿ. ನೀರು ಮೂರು ವಾರಕ್ಕೊಮ್ಮೆ, ಅದೂ ಬಿಸಿಲು ಕಂಡ ದಿನ ಬೆಳಗ್ಗೆ.

ಡಿಸೆಂಬರ್, ಜನವರಿ ಎರಡೂ ತಿಂಗಳು ಬಿಸಿಲು ಪೂರ್ತಿ, ನೀರು ತಿಂಗಳಿಗೆ ಒಂದೇ ಸಲ. ಗಿಡ ಸ್ವಲ್ಪ ಕುಗ್ಗಿದರೆ ಗಾಬರಿ ಬೇಡ. ಮೊಗ್ಗು ಸಾಸಿವೆ ಗಾತ್ರಕ್ಕೆ ಬಂದ ಮೇಲೆ ನೀರು ಶುರು ಮಾಡಿ, ಒಂದು ಲೀಟರಿಗೆ ಅರ್ಧ ಗ್ರಾಂ 0:52:34 (ಸಾರಜನಕವಿಲ್ಲದ ರಂಜಕ-ಪೊಟ್ಯಾಷ್ ಗೊಬ್ಬರ) ಸೇರಿಸಿ ತಿಂಗಳಿಗೊಮ್ಮೆ ಕೊಡಿ. ಯೂರಿಯಾ, ಸಗಣಿ ನೀರು ಹಾಕಿದರೆ ಮೈ ಉಬ್ಬಿ ಸೀಳುತ್ತದೆ, ಹೂ ಬರುವುದಿಲ್ಲ. ಮೊಗ್ಗಿರುವಾಗ ಚಟ್ಟಿಯನ್ನು ಮನೆಯೊಳಗೆ ತಂದರೆ ಮೊಗ್ಗು ಒಣಗಿ ಉದುರುತ್ತದೆ.

ಏಣಿನ ಉಂಡೆ ಬಹುಶಃ ಜಿಮ್ನೊಕ್ಯಾಲಿಸಿಯಂ. ಪ್ರತಿ ಮುಳ್ಳಿನ ಗುಂಪಿನ ಕೆಳಗೆ ಗಲ್ಲದಂಥ ಉಬ್ಬು ಇದೆಯೇ ನೋಡಿ. ಇದ್ದರೆ ಅದೇ. ಕರಾವಳಿಗೆ ಹೇಳಿ ಮಾಡಿಸಿದ ಗಿಡ, ಅರೆ ಬಿಸಿಲಿಗೂ ಹೂ ಬಿಡುತ್ತದೆ. ಮುಂದೆ ಕೊಳ್ಳುವಾಗ ರೆಬ್ಯೂಷಿಯಾ ಎಂಬ ಕ್ಯಾಕ್ಟಸಿಗೆ ಆಸೆಪಡಬೇಡಿ. ಅದಕ್ಕೆ ಚಳಿಗಾಲದ ರಾತ್ರಿ 10 ಡಿಗ್ರಿ ಹತ್ತಿರ ಇಳಿಯಬೇಕು, ನಿಮ್ಮಲ್ಲಿ ಆಗದ ಮಾತು.

ಮುಳ್ಳೇರಿಯ ಸಿಟೌಟ್:
ಒತ್ತಿ ನೋಡಿದೆ, ಬುಡ ಗಟ್ಟಿ. ಹತ್ತಿ ಎಲ್ಲ ಕಡೆ ಸಮ ಇದೆ. ಇನ್ನೊಂದರಲ್ಲಿ ಗಲ್ಲವೂ ಇದೆ, ಹೂವಿನ ಅಡಿಯಲ್ಲಿ ಹೊಳೆಯುವ ಅಂಟೂ ಇದೆ! ಕಿತ್ತುಬಿಡಲೇ?

ಪೆರ್ಲ ಗೆರಟೆ:
ಎಳೆಯಬೇಡಿ. ನೆತ್ತಿಯ ಎಳೆ ಚಿಗುರು ಅಂಟಿನ ಜೊತೆಗೇ ಬರುತ್ತದೆ. ಮೊದಲು ಹೂವನ್ನು ಕತ್ತರಿಯಿಂದ ಕತ್ತರಿಸಿ. ಸಂಜೆ ಅಂಟಿನ ಅಂಚಿಗೆ ಸ್ಪಿರಿಟನ್ನು ಬ್ರಷ್ ತುದಿಯಿಂದ ಒಂದು ಹನಿ ಬಿಡಿ, ಒಂದು ನಿಮಿಷ ಕಳೆದು ಹಲ್ಲುಕಡ್ಡಿಯಿಂದ ಮೆಲ್ಲಗೆ ಮೀಟಿ. ಅಂಚು ಎದ್ದರೆ ಇನ್ನೊಂದು ಹನಿ. ಮುಳ್ಳುಗಳ ಮೇಲಷ್ಟೇ ಕೂತಿದ್ದರೆ ಇಡಿಯಾಗಿ ಏಳುತ್ತದೆ. ಚರ್ಮಕ್ಕೇ ಹಿಡಿದಿದ್ದರೆ ಹಾಗೇ ಬಿಡಿ. ಹೊಸ ಬೆಳವಣಿಗೆ ಬಂದಂತೆ ಅದು ಬದಿಗೆ ಸರಿಯುತ್ತದೆ.